ಮೆಷಿನ್ ಮೊದ್ಲಾ, ಆಳು ಮೊದ್ಲಾ?

ಅಣ್ಣ, ಹೊಸೂರಲ್ಲಿ ಒಬ್ನೇ ಫಿಕ್ಸ್ಚರ್ (ಮೆಷಿನ್ ಮೇಲೆ ಪಾರ್ಟ್ ಅಲುಗದಂಗೆ ಹಿಡಿಯೋ ಸಾಧನ) ಡಿಸೈನ್ ಮಾಡಿ ಹೊರಗಡೆ ಮಾಡಿಸಿ ಕೊಡ್ತಿದೀನಿ, ಕೆಲಸ ಕೈಮೀರ್ತಿದೆ, ಲೋನ್ ಹಾಕಿ ಸ್ವಂತ ವಿಎಂಸಿ (ಕಂಪ್ಯೂಟರಲ್ಲಿ ನಡೆಯೋ ಮಿಲ್ಲಿಂಗ್ ಮೆಷಿನ್) ತಗೊಳ್ಳಲಾ ಇಲ್ಲ ಒಬ್ಬ ಹುಡುಗನ್ನ ಇಟ್ಕೊಳ್ಳಲಾ ಅಂತ ಕೇಳಿದೀರಲ್ಲ, ನನ್ನ ಕೇಳಿದ್ರೆ ಮೆಷಿನ್ ಈಗ್ಲೇ ಬೇಡ. ಸಿಪ್ಕಾಟ್ ಇಂಡಸ್ಟ್ರಿಯಲ್ ಏರಿಯಾ ಸುತ್ತ ಕೂಲಿಗೆ ಮಾಡ್ಕೊಡೋ ಜಾಬ್‌ವರ್ಕ್ ಶಾಪ್ ಬೇಕಾದಷ್ಟಿವೆ, ಅಲ್ಲಿ ನಮ್ ಸರದಿಗೆ ಕಾಯೋದು ತಲೆನೋವೇ ಒಪ್ಕೋತೀನಿ, ಆದ್ರೆ ಆರ್ಡರ್ ಇಲ್ಲದ ತಿಂಗಳು ಇಎಂಐ ಕಟ್ಟೋ ತಲೆನೋವು ಅವ್ರದ್ದು, ನಿಮ್ದಲ್ಲ.

ಒಂದು ವಾರ ನಿಮ್ಮ ಟೈಮ್ ಎಲ್ಲಿ ಹೋಗ್ತಿದೆ ಅಂತ ಬರೆದಿಡಿ. ನಂದು ಅರ್ಧ ಟೂ-ಡಿ ಡ್ರಾಯಿಂಗ್‌ಗೇ ಹೋಗ್ತಿತ್ತು. ಪಾರ್ಟ್ ಎಲ್ಲಿ ಕೂರಿಸ್ಬೇಕು, ಹೆಂಗೆ ಬಿಗೀಬೇಕು ಅನ್ನೋ ಲೊಕೇಟಿಂಗ್, ಕ್ಲ್ಯಾಂಪಿಂಗ್ ಯೋಚನೆ ನಿಮ್ ಹತ್ರನೇ ಇರ್ಲಿ, ಡೀಟೇಲಿಂಗ್ (ಒಂದೊಂದು ಭಾಗದ ಡ್ರಾಯಿಂಗ್ ಬಿಡಿಸೋದು) ಮಾತ್ರ ಯಾರಾದ್ರೂ ಡಿಪ್ಲೊಮಾ ಹುಡುಗನಿಗೆ ಶೀಟ್ ಲೆಕ್ಕದಲ್ಲಿ ಕೊಟ್ಟು ನೋಡಿ, ಮೊದ್ಲು ಅವ್ನ ಟಾಲರೆನ್ಸ್, ಅಂದ್ರೆ ಅಳತೆಯಲ್ಲಿ ಎಷ್ಟು ಹೆಚ್ಚುಕಮ್ಮಿ ನಡೆಯುತ್ತೆ ಅನ್ನೋದನ್ನ, ತಿದ್ದೋದ್ರಲ್ಲೇ ಸಾಕಾಗುತ್ತೆ (ನಾವೂ ಹಂಗೇ ಕಲ್ತಿದ್ದು ಬಿಡಿ), ಹೊಂದಿದ್ರೆ ಆಮೇಲೆ ಸಂಬಳ.

ಇನ್ನೊಂದು, ಆಳು ಇಟ್ಮೇಲೆ ಪೇಮೆಂಟ್ ಲೇಟಾದ್ರೆ ಕಥೆ ಮುಗೀತು. ನಂಗೆ ಒಂದು ಪಾರ್ಟಿ ಐದು ತಿಂಗ್ಳು ಸತಾಯಿಸಿ, ಮನೆಯವ್ಳ ಬಳೆ ಅಡ ಇಟ್ಟು ಸಂಬಳ ಕೊಟ್ಟಿದ್ದೀನಿ. ಉದ್ಯಮ್ ರಿಜಿಸ್ಟ್ರೇಶನ್ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಮಾಡ್ಸಿ, ಫ್ರೀನೇ. 2006ರ ಎಂಎಸ್ಎಂಇ ಕಾಯ್ದೆ ಪ್ರಕಾರ, ಅಗ್ರಿಮೆಂಟ್ ಇದ್ರೂ ಪೇಮೆಂಟ್ 45 ದಿನ ಮೀರಂಗಿಲ್ಲ, ಮೀರಿದ್ರೆ ಆರ್‌ಬಿಐ ಹೇಳೋ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ. ನೋಟಿಸ್ ಕೊಟ್ರೆ ಮುಂದಿನ ಆರ್ಡರ್ ಕೊಡಲ್ಲ ಅನ್ನೋ ಭಯ ಇದ್ದೇ ಇರುತ್ತೆ, ಅದಕ್ಕೆ ಪಿಒ (ಪರ್ಚೇಸ್ ಆರ್ಡರ್) ಜೊತೆಗೇ ಅಡ್ವಾನ್ಸ್ ಕೇಳ್ಬಿಡಿ.

ಅಂದಂಗೆ ಒಂದೇ ಕಂಪನಿಯಿಂದ ಎಷ್ಟು ಬಿಸಿನೆಸ್ ಬರ್ತಿದೆ ಅಂತ ಬರ್ದಿಲ್ಲ ನೀವು. ಮುಕ್ಕಾಲು ಪಾಲು ಅಲ್ಲಿಂದಲೇ ಆದ್ರೆ ಹುಡುಗನ್ನ ಹುಡುಕೋಕೆ ಮುಂಚೆ ಎರಡನೇ ಕಸ್ಟಮರ್ ಹುಡುಕಿ.