ಕಪ್ಪೆ ಏಕೆ ಕೇಡಿನ ಪಾಳಯದಲ್ಲಿ?

ಓದುಗರ ಪತ್ರ: ಮಳೆ ಬಾರದಿದ್ದರೆ ನಮ್ಮಲ್ಲಿ ಕಪ್ಪೆ ಮದುವೆ ಮಾಡುತ್ತಾರೆ, ಇರುವೆಗೆ ಸಕ್ಕರೆ ಹಾಕುತ್ತಾರೆ. ಪ್ರಾಚೀನ ಇರಾನಿನಲ್ಲಿ ಇವೆರಡನ್ನೂ ಕೊಲ್ಲುವುದೇ ಪುಣ್ಯವಾಗಿತ್ತಂತೆ. ಮರುಭೂಮಿಯ ಜನ ಎಂಬ ಕಾರಣಕ್ಕೋ?

ಸಂಪಾದಕರ ಉತ್ತರ: ಮರುಭೂಮಿ ಅರ್ಧ ಉತ್ತರ ಮಾತ್ರ. ಪ್ರಾಚೀನ ಇರಾನಿನ ಜರತುಷ್ಟ್ರ ಧರ್ಮದ ಪವಿತ್ರಗ್ರಂಥ ಅವೆಸ್ತಾದ ವೆಂದಿದಾದ್ ಭಾಗವನ್ನು ನೋಡಿ. ಒಳಿತಿನ ದೇವರು ಅಹುರ ಮಜ್ದಾ ಸೃಷ್ಟಿಸಿದ ಮೊದಲ ನಾಡಿಗೆ ಕೇಡಿನ ಒಡೆಯ ಅಂಗ್ರ ಮೈನ್ಯು ತಂದ ಪಿಡುಗು ಬಿಸಿಲಲ್ಲ, ಚಳಿ. ಹತ್ತು ತಿಂಗಳು ಚಳಿಗಾಲ, ಎರಡೇ ತಿಂಗಳು ಬೇಸಿಗೆ. ನೀರಿಗೂ ನೆಲಕ್ಕೂ ಗಿಡಕ್ಕೂ ಶೀತ. ದನ ನಂಬಿ ಬದುಕಿದವರಿಗೆ ಇದಕ್ಕಿಂತ ದೊಡ್ಡ ಕೇಡಿಲ್ಲ. ದುಷ್ಟಶಕ್ತಿಗಳ ದಿಕ್ಕೂ ಉತ್ತರವೇ. (ನಮ್ಮ ಯಮನದು ದಕ್ಷಿಣ!)

ಬರದ ಕಥೆ ಅವೆಸ್ತಾದಲ್ಲೇ ಇರುವ ತಿಷ್ತ್ರ್ಯನ ಸ್ತುತಿಯಲ್ಲಿದೆ. ತಿಷ್ತ್ರ್ಯ ಎಂದರೆ ಲುಬ್ಧಕ ನಕ್ಷತ್ರ, ಮಳೆ ತರುವವನು. ಹತ್ತು ರಾತ್ರಿ ಹದಿನೈದರ ಯುವಕ, ಹತ್ತು ರಾತ್ರಿ ಚಿನ್ನದ ಕೊಂಬಿನ ಹೋರಿ, ಮತ್ತೆ ಹತ್ತು ರಾತ್ರಿ ಬಿಳಿ ಕುದುರೆಯಾಗಿ ವೋರುಕಷ ಎಂಬ ಪುರಾಣದ ಸಮುದ್ರಕ್ಕಿಳಿಯುತ್ತಾನೆ. ಎದುರಿಗೆ ಬರದ ರಕ್ಕಸ ಅಪಓಷ, ಬೋಳು ಮೈಯ ಕರಿ ಕುದುರೆ. ಮೂರು ಹಗಲು ಮೂರು ರಾತ್ರಿ ಕಾದಾಡಿ ಸೋಲುವವನು ತಿಷ್ತ್ರ್ಯನೇ! ಜನ ತನ್ನ ಹೆಸರು ಹೇಳಿ ಪೂಜಿಸಲಿಲ್ಲವೆಂದು ಅವನ ದೂರು. ಸ್ವತಃ ಅಹುರ ಮಜ್ದಾ ಪೂಜೆ ಸಲ್ಲಿಸಿದ ಮೇಲೆ ಹತ್ತು ಕುದುರೆ, ಹತ್ತು ಒಂಟೆ, ಹತ್ತು ಹೋರಿ, ಹತ್ತು ಬೆಟ್ಟ, ಹತ್ತು ಹೊಳೆಗಳ ಬಲ ಬಂದು ಗೆಲ್ಲುತ್ತಾನೆ. ಅಂದರೆ ಒಳಿತು ತಾನಾಗಿ ಗೆಲ್ಲುವುದಿಲ್ಲ, ಮನುಷ್ಯರೂ ಕೈಜೋಡಿಸಬೇಕು. ಇರಾನಿನ ಹಳೆಯ ರಾಜಧಾನಿ ಪರ್ಸೆಪೊಲಿಸ್‌ನ ಶಾಸನದಲ್ಲಿ ದೊರೆ ದಾರಯವಹು (ಡೇರಿಯಸ್) ಶತ್ರುಸೇನೆ, ಕೆಟ್ಟ ವರ್ಷ, ಸುಳ್ಳು ಮೂರರಿಂದಲೂ ನಾಡನ್ನು ಕಾಯೆಂದು ಒಂದೇ ಉಸಿರಿನಲ್ಲಿ ಬೇಡುತ್ತಾನೆ. ಬರವೂ ಸುಳ್ಳೂ ಅವನಿಗೆ ಒಂದೇ ಸಾಲಿನ ಶತ್ರುಗಳು.

ಕಪ್ಪೆ, ಇರುವೆ ಬರುವುದು ಇಲ್ಲಿಯೇ. ನೀರುನಾಯಿಯನ್ನು ಕೊಂದರೆ ಬರ ಬೀಳುತ್ತದೆ ಎನ್ನುವ ವೆಂದಿದಾದ್, ಕೊಂದವನಿಗೆ 10,000 ಏಟುಗಳನ್ನು ವಿಧಿಸುತ್ತದೆ. ಪ್ರಾಯಶ್ಚಿತ್ತವಾಗಿ ಅವನು ಕೇಡಿನ ಪಾಳಯದವೆಂದು ಎಣಿಸಿದ ಹಾವು, ಆಮೆ, ನೆಲಗಪ್ಪೆ, ನೀರುಗಪ್ಪೆ, ಕಾಳು ಹೊರುವ ಇರುವೆ, ಎರೆಹುಳು, ನೊಣ ಒಂದೊಂದನ್ನೂ 10,000ದಂತೆ ಕೊಲ್ಲಬೇಕು. 'ಕಾಳು ಹೊರುವ' ಎಂದದ್ದು ಸುಮ್ಮನೆ ಅಲ್ಲ. ಅದು ಬೆಳೆ ಬೆಳೆದವನ ಸಿಟ್ಟು. ಮಾಗಿ ಎಂಬ ಇರಾನಿನ ಪುರೋಹಿತರು ಇರುವೆ, ಹಾವುಗಳನ್ನು ತಮ್ಮ ಕೈಯಾರೆ ಕೊಲ್ಲುತ್ತಾರೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಕೂಡ ಬರೆದಿದ್ದಾನೆ.

ಕಪ್ಪೆಯ ಅಪರಾಧ ಬೇರೆ. ನಂತರದ ಕಾಲದ ಇರಾನಿನ ಪಹ್ಲವಿ ಭಾಷೆಯ ಬುಂದಹಿಷ್ನ್ ಗ್ರಂಥದ ಪ್ರಕಾರ ಅದೇ ಸಮುದ್ರದಲ್ಲಿರುವ ಅಮರತ್ವದ ಹಓಮ ಮರವನ್ನು ಹಾಳುಮಾಡಲೆಂದೇ ಅಹ್ರಿಮನ್ (ಅಂಗ್ರ ಮೈನ್ಯುವಿನ ನಂತರದ ಹೆಸರು) ಕಪ್ಪೆಯನ್ನು ಸೃಷ್ಟಿಸಿದ. ಕರ ಎಂಬ ಹತ್ತು ಮೀನುಗಳು ಮರವನ್ನು ಸುತ್ತುತ್ತ ಕಾಯುತ್ತವೆ.

ಆದರೆ ಎಲ್ಲವನ್ನೂ ರೈತನ ಲಾಭನಷ್ಟಕ್ಕೆ ಇಳಿಸಬೇಡಿ. ಎರೆಹುಳು ಯಾವ ಬೆಳೆಯನ್ನು ಕೆಡಿಸಿತು? ಮಣ್ಣೊಳಗೆ ತೆವಳುವುದೇ ಅದರ ತಪ್ಪಾಗಿತ್ತೆಂದು ಕಾಣುತ್ತದೆ.