ಮಾವನವರಿಗೆ ನನ್ನ ಮಾತು ಮಾತ್ರ ಕೇಳಲ್ಲ!

ಶಿಡ್ಲಘಟ್ಟದ ಸೊಸೆಯೊಬ್ಬರ ಪತ್ರ ಓದಿದ ಮೇಲೆ ಎರಡು ದಿನ ಬೇರೆ ಪತ್ರ ಮುಟ್ಟಲಿಲ್ಲ. ಮಾವನವರಿಗೆ 68. ರೇಷ್ಮೆ ಹುರಿ ಮಿಷನ್‌ಗಳ ನಡುವೆ 30 ವರ್ಷ ದುಡಿದವರು. ಈಗ ಅವರು ಹಾಕುವ ಟಿವಿ ಬೀದಿಗೆಲ್ಲ ಕೇಳುತ್ತದೆ. ಎಸ್ಸೆಸ್ಸೆಲ್ಸಿ ಮಗಳಿಗೆ ಓದಲಾಗುತ್ತಿಲ್ಲ. "ತಮ್ಮ ಮಗ ಕರೆದರೆ ಓಗೊಡ್ತಾರೆ, ನಾನು ಕರೆದರೆ ಇಲ್ಲ. ಸಾರು ಬೇಕಾ ಅಂದರೆ ಇನ್ನೂ ಆರು ಗಂಟೆ ಆಗಿಲ್ಲ ಅಂತಾರೆ. ಬೇಕಂತಲೇ ಮಾಡ್ತಾರೆ, ಅಲ್ವಾ ಮೇಡಂ?"

ಅಲ್ಲಮ್ಮ. ವಯಸ್ಸಾಗಲಿ, ಮಿಷನ್ ಸದ್ದಾಗಲಿ ಮೊದಲು ಕಸಿದುಕೊಳ್ಳುವುದು ತೆಳು ಸ್ವರಗಳನ್ನು. ಸ, ಶ ತರಹದ ಅಕ್ಷರಗಳು ಜಾರಿಹೋಗುತ್ತವೆ. ಸಾರು ಹೋಗಿ ಆರು ಆಗಿದ್ದು ಹಾಗೆ. ಮಗನ ದಪ್ಪ ದನಿ ಇನ್ನೂ ಕಿವಿಗೆ ಬೀಳುತ್ತದೆ, ನಿಮ್ಮದು ಬೀಳುವುದಿಲ್ಲ. ಒಳಗಿವಿಯ ಕೂದಲಿನಂಥ ಜೀವಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ನೀವು ಕಿರುಚಿದರೆ ಸದ್ದು ಜಾಸ್ತಿಯಾಗುತ್ತದೆಯೇ ಹೊರತು ಮಾತು ತಿಳಿಯಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 60 ದಾಟಿದವರಲ್ಲಿ ಶೇ 25ಕ್ಕಿಂತ ಜಾಸ್ತಿ ಜನರಿಗೆ ದಿನದ ಬದುಕಿಗೇ ತೊಡಕಾಗುವಷ್ಟು ಕಿವಿ ಮಂದ. ಅವರೆಲ್ಲ ಸೊಸೆಯ ಮೇಲೆ ಹಟ ಸಾಧಿಸುತ್ತಿದ್ದಾರಾ?

ನನ್ನ ಕಣ್ಣು ನಿಂತಿದ್ದು ಕೊನೆಯ ಸಾಲಿನ ಮೇಲೆ. "ರೇಷ್ಮೆಗೂಡಿನ ಮಾರುಕಟ್ಟೆ ಹತ್ತಿರದ ಟೀ ಅಂಗಡಿಗೂ ಈಗ ಹೋಗಲ್ಲ, ಸದ್ಯ ಆ ಖರ್ಚಾದರೂ ಉಳೀತು." ಅಯ್ಯೋ! ಎಲ್ಲರೂ ನಕ್ಕಮೇಲೆ ತಾನು ನಗಬೇಕು, ಯಾಕೆ ನಕ್ಕರೆಂದು ಗೊತ್ತಿಲ್ಲ. ಎಷ್ಟು ದಿನ ಹಾಗೆ ಕೂತಿರುತ್ತಾರೆ? ಟಿವಿಗಾದರೆ ಉತ್ತರ ಕೊಡಬೇಕಿಲ್ಲ. ಹೀಗೆ ಮೂಲೆ ಸೇರಿದವರಿಗೆ ಖಿನ್ನತೆ, ಮರೆವಿನ ಕಾಯಿಲೆಯ ಅಪಾಯವೂ ಹೆಚ್ಚು.

ನನಗೆ ಸಿಟ್ಟು ಬಂದಿದ್ದು ನಿಮ್ಮ ಯಜಮಾನರ ಮೇಲೆ. ಅಪ್ಪ ಇನ್ನೊಂದು ಸಲ ಕೇಳಿದರೆ "ಏನಿಲ್ಲ ಬಿಡಪ್ಪ" ಅಂತಾರಂತೆ! ಈ ಅಂಕಣದಲ್ಲಿ ಎಷ್ಟು ಸಲ ಬರೆದೆನೋ, ಗಂಡುಮಕ್ಕಳು ಹೆತ್ತವರನ್ನು ನೋಡಿಕೊಳ್ಳುವುದನ್ನು ಹೆಂಡತಿಗೆ ಗುತ್ತಿಗೆ ಕೊಟ್ಟು ಸುಮ್ನೆ ಇದ್ದುಬಿಡುತ್ತಾರೆ.

ಆದ್ದರಿಂದ ಈ ವಾರ ಅವರೇ, ನೀವಲ್ಲ, ರಜೆ ಹಾಕಿ ಅಪ್ಪನನ್ನು ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯ ಕಿವಿ ಡಾಕ್ಟರಿಗೆ ತೋರಿಸಲಿ. ಗುಗ್ಗೆ ಕಟ್ಟಿದ್ದರೆ ತೆಗೆದುಹಾಕುತ್ತಾರೆ. ಅದಲ್ಲವಾದರೆ ಪರೀಕ್ಷೆ ಮಾಡಿಸಿ ಶ್ರವಣಯಂತ್ರ ಬೇಕಾ, ಎಂಥದ್ದು ಅಂತ ಹೇಳುತ್ತಾರೆ. ಯಾವುದೋ ಅಂಗಡಿಯದನ್ನು ತಂದು ತುರುಕಬೇಡಿ. ಶುರುವಿನಲ್ಲಿ ತಟ್ಟೆ ಲೋಟದ ಸದ್ದೂ ಸಿಡಿಲಿನ ಹಾಗೆ ಕೇಳಿ ಕಿತ್ತಿಡುತ್ತಾರೆ. ಬೈಯದೆ ಮತ್ತೆ ಹಾಕಿಸಿ, ದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು.

ಅಲ್ಲಿಯವರೆಗೆ ಮಗಳು ಪಕ್ಕದ ಮನೆಯಲ್ಲಿ ಓದಿಕೊಳ್ಳಲಿ.