ರೂಮು ತುಂಬಿದರೆ ಸಾಕೇ?

ಮೈಸೂರಿನಲ್ಲಿ 40 ರೂಮುಗಳ ಲಾಡ್ಜ್ ನಡೆಸುವ ಓದುಗರೊಬ್ಬರು ಕೇಳಿದ್ದಾರೆ: ‘ಈ ವರ್ಷ ಕೆಲಸದವರನ್ನು ಕಡಿಮೆ ಮಾಡಿದೆ, ಕರೆಂಟ್ ಬಿಲ್ಲೂ ಇಳಿದಿದೆ, ಬಾಡಿಗೆ ಇಳಿಸಿದ್ದರಿಂದ ರೂಮುಗಳೂ ತುಂಬುತ್ತಿವೆ. ಆದರೂ ಕೈಯಲ್ಲಿ ಉಳಿಯುವುದು ಕಡಿಮೆ. ಲಾಡ್ಜ್ ಚೆನ್ನಾಗಿ ನಡೆಯುತ್ತಿದೆಯೋ ಇಲ್ಲವೋ ಅಳೆಯುವುದು ಹೇಗೆ?’

ಮಾನ್ಯರೇ,

ನೀವು ಅಳೆದಿರುವುದು ಅರ್ಧ ಮಾತ್ರ. ಇರುವ ಆಳು, ಕರೆಂಟು, ಬಂಡವಾಳದಲ್ಲಿ ಎಷ್ಟು ರೂಮು ಸಿದ್ಧವಾದವು ಎಂಬುದು ದಕ್ಷತೆಯ ಲೆಕ್ಕ. ಸಿದ್ಧವಾದ ರೂಮು ತಕ್ಕ ಬಾಡಿಗೆಗೆ ಹೋಯಿತೇ, ಬಂದವರು ಮತ್ತೆ ನಿಮ್ಮಲ್ಲಿಗೇ ಬರುತ್ತಾರೆಯೇ ಎಂಬುದು ಪರಿಣಾಮದ ಲೆಕ್ಕ. ಇಂದು ಮಾರಾಟವಾಗದ ಸಾಬೂನು ನಾಳೆ ಹೋದೀತು. ಇಂದು ರಾತ್ರಿ ಖಾಲಿ ಉಳಿದ ರೂಮು ಹೋಯಿತೆಂದರೆ ಹೋಯಿತು. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ರೂಮ್ ಬಾಯ್ ಒಬ್ಬನನ್ನು ಬಿಡಿಸಿದರೆ ಸಂಬಳ ಉಳಿಯುತ್ತದೆ, ದಕ್ಷತೆ ಏರಿದಂತೆ ಕಾಣುತ್ತದೆ. ಆದರೆ ಮಧ್ಯಾಹ್ನ ಹನ್ನೆರಡಕ್ಕೆ ಬಂದ ಕುಟುಂಬ, ಬೆಡ್‌ಶೀಟ್ ಬದಲಾಗಿಲ್ಲವೆಂದು ಲಗೇಜ್ ಇಟ್ಟುಕೊಂಡು ರಿಸೆಪ್ಶನ್ ಮುಂದೆ ಒಂದೂವರೆ ಗಂಟೆ ಕೂತರೆ? ಆ ನಷ್ಟ ಸಂಬಳದ ಪುಸ್ತಕದಲ್ಲಿ ಸಿಗುವುದಿಲ್ಲ.

ಬಾಡಿಗೆಯ ವಿಷಯಕ್ಕೆ ಬರೋಣ. 36 ರೂಮು 1,500 ರೂಪಾಯಿಗೆ ಹೋದರೆ 54,000. 30 ರೂಮು 2,000ಕ್ಕೆ ಹೋದರೆ 60,000. ಇರುವ 40 ರೂಮಿಗೂ ಹಂಚಿದರೆ ಒಂದಕ್ಕೆ 1,350 ಮತ್ತು 1,500. ಹೋಟೆಲಿನವರು ‘ರೆವ್‌ಪಾರ್’ ಎನ್ನುವುದು ಇದನ್ನೇ. ಮೇಲಾಗಿ ಆ ಹೆಚ್ಚಿನ ಆರು ರೂಮುಗಳ ಬಿಸಿನೀರು, ಒಗೆತದ ಖರ್ಚು ನಿಮ್ಮದೇ. ರೆವ್‌ಪಾರ್ ಖರ್ಚನ್ನು ತೋರಿಸುವುದಿಲ್ಲ. ಅದಕ್ಕೇ ಅದೊಂದನ್ನೇ ನಂಬಬೇಡಿ.

ದಕ್ಷತೆಯನ್ನು ಅಳೆಯಲು ಚಾರ್ನ್ಸ್, ಕೂಪರ್, ರೋಡ್ಸ್ ಎಂಬ ಮೂವರು ಸಂಶೋಧಕರು 1978ರಲ್ಲಿ ‘ಡೇಟಾ ಎನ್ವಲಪ್‌ಮೆಂಟ್ ಅನಾಲಿಸಿಸ್’ ಎಂಬ ವಿಧಾನ ಕೊಟ್ಟರು. ಒಂದೇ ಬಗೆಯ ಸಂಸ್ಥೆಗಳನ್ನು ಪಕ್ಕಪಕ್ಕ ಇಟ್ಟು, ಹಾಕಿದ್ದಕ್ಕೆ ಹೆಚ್ಚು ತೆಗೆದವರಿಗೆ 1 ಅಂಕ, ಉಳಿದವರಿಗೆ ಅದಕ್ಕಿಂತ ಕಡಿಮೆ. ತೈವಾನಿನ ಪ್ರವಾಸಿ ಹೋಟೆಲುಗಳನ್ನು ಹೀಗೆ ಸಾಕಷ್ಟು ಅಧ್ಯಯನ ಮಾಡಿದ್ದಾರೆ. ಆದರೆ ಹೋಲಿಸಿದವರೆಲ್ಲ ಸಾಧಾರಣವಾಗಿದ್ದರೆ ಅವರಲ್ಲಿ ಮೊದಲಿಗನಿಗೂ 1 ಸಿಗುತ್ತದೆ ಎಂಬುದು ನೆನಪಿರಲಿ. ಬಸ್ ಸ್ಟ್ಯಾಂಡ್ ಪಕ್ಕದ ಲಾಡ್ಜನ್ನು ಊರಾಚೆಯ ರೆಸಾರ್ಟಿಗೆ ಹೋಲಿಸುವುದಂತೂ ಅನ್ಯಾಯ.

ನಿಮಗೆ ಅಷ್ಟು ದೊಡ್ಡ ಗಣಿತ ಬೇಡ. ಭರ್ತಿಯಾದ ಪ್ರತಿ ರೂಮಿಗೆ ತಗುಲಿದ ಖರ್ಚು, ಇರುವ ಪ್ರತಿ ರೂಮಿಗೆ ಬಂದ ಬಾಡಿಗೆ, ಎರಡನೇ ಸಲ ಬಂದವರ ಸಂಖ್ಯೆ, ಈ ಮೂರನ್ನು ತಿಂಗಳು ತಿಂಗಳು ಬರೆದಿಡಿ. ದಸರೆಯ ಲೆಕ್ಕವನ್ನು ಮಳೆಗಾಲದ ಲೆಕ್ಕದೊಂದಿಗೆ ಸೇರಿಸಿ ಸರಾಸರಿ ತೆಗೆಯಬೇಡಿ. ಹೋದ ವರ್ಷದ ಅದೇ ತಿಂಗಳಿಗೆ ಹೋಲಿಸಿ.

– ಸಂ.